ಉದ್ರಿ ಪಟ್ಟಿಯಲ್ಲಿ ನಮ್ಮ ಹೆಸರು

ಮಾಮನ ಹನ್ನೆರಡನೇ ದಿನದ ಊಟ ಮುಗಿಸಿ ನಾವು ನಾಲ್ವರು ಅವರದೇ ಅಂಗಡಿಯ ಜಗಲಿ ಮೇಲೆ ಕವಳ ಹಾಕುತ್ತ ಕೂತಿದ್ದೆವು. ಅಂಗಡಿ ಮುಚ್ಚಿತ್ತು. ಹಲಗೆ ಬಾಗಿಲು ಗೊತ್ತಲ್ಲ, ನಂಬರ್ ಬರೆದ ಒಂಬತ್ತು ಹಲಗೆಗಳನ್ನು ಒಂದರ ಪಕ್ಕ ಒಂದು ತೂರಿಸಬೇಕು. ನಂಬರ್ ಎಲ್ಲ ಮಾಮ ಕನ್ನಡ ಅಂಕಿಯಲ್ಲಿ ಬರೆದದ್ದು. ಕನ್ನಡದ ಆರು, ಒಂಬತ್ತು ನೋಡಲಿಕ್ಕೆ ಅಣ್ಣತಮ್ಮಂದಿರ ಹಾಗೆ. ಮಗ ಗಡಿಬಿಡಿಯಲ್ಲಿ ಅದಲು ಬದಲು ಹಾಕಿ, ನಡುವೆ ಬೆಕ್ಕು ನುಸುಳುವಷ್ಟು ಸಂದಿ ಬಿಟ್ಟಿದ್ದ. ಬೆಕ್ಕು ನುಸುಳುತ್ತಲೂ ಇತ್ತು.

ಬೋಟಿನ ಬಾವ ಶುರು ಮಾಡಿದ. "ಏನೇ ಹೇಳಿ, ಮಾಮ ಆ ಹಾಳೆಗಳನ್ನ ಬೇಕಂತಲೇ ಒಣಹಾಕಿದ್ದು."

"ಶುರುವಾಯ್ತು ನೋಡು," ಅಂದರು ಮಾಸ್ತರು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮದು ಅಂಕೋಲಾ ತಾಲೂಕು, ಗಂಗಾವಳಿ ದಂಡೆ. 2019ರ ಆಗಸ್ಟ್ ನೆರೆಯಲ್ಲಿ ಹೊಳೆ ಸೀದಾ ಮಾಮನ ಅಂಗಡಿಗೇ ಬಂತು. ಅಕ್ಕಿ ಮೂಟೆ ಅಟ್ಟಕ್ಕೆ ಹೋಯ್ತು, ಬೆಲ್ಲದ ಡಬ್ಬಿ ಹೋಯ್ತು, ತಕ್ಕಡಿಯೂ ಹೋಯ್ತು. ಸಾಣಿಕಟ್ಟಾ ಉಪ್ಪಿನ ಮೂರು ಗೋಣಿ ಮಾತ್ರ ಕೆಳಗೇ ಉಳಿದು, ಬಂದ ಕಡೆಗೆ ಅಂದರೆ ನೀರಿಗೇ ಹೋದವು. ಅವುಗಳ ಜೊತೆ ಗಲ್ಲಾಪೆಟ್ಟಿಗೆ ಕೆಳಗಿದ್ದ ಉದ್ರಿ ಪಟ್ಟಿಯೂ ನೆನೆಯಿತು. ಬಾಲ್ ಪೆನ್ನಿನಲ್ಲಿ ಬರೆದದ್ದಕ್ಕೆ ಅಕ್ಷರ ಉಳಿದವು. ನೀರು ಇಳಿದ ಎರಡನೇ ದಿನ ನೋಡಿದರೆ, ಈ ಜಗಲಿಯ ಕಂಬದಿಂದ ಕಂಬಕ್ಕೆ ಸುತಲಿ ಕಟ್ಟಿ, ಪಟ್ಟಿಯ ಹಾಳೆ ಬಿಡಿಸಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಒಣಹಾಕಿತ್ತು. ಚೌತಿಗೆ ಇನ್ನೂ ಮೂರು ವಾರ ಇರುವಾಗಲೇ ತೋರಣ ಕಟ್ಟಿದ ಹಾಗೆ! ನೆರೆ ನೋಡಲಿಕ್ಕೆ ಬಂದ ಜನ ನೆರೆ ಬಿಟ್ಟು ಹಾಳೆ ಓದಿದರು.

ಯಾರ ಬಾಕಿ ಎಷ್ಟು ಅನ್ನುವುದು ದೊಡ್ಡ ಸುದ್ದಿ ಅಲ್ಲ. ನಮ್ಮೂರಲ್ಲಿ ಅದು ಹೇಗೂ ಗೊತ್ತಿರ್ತದೆ. ಸುದ್ದಿ ಏನೆಂದರೆ, ಮಾಮ ಒಬ್ಬರ ಹೆಸರನ್ನೂ ಹೆಸರಾಗಿ ಬರೆದಿರಲಿಲ್ಲ. ಎಲ್ಲ ಅಡ್ಡಹೆಸರು! ಬಾಯಲ್ಲಿ "ಬನ್ನಿ ಬನ್ನಿ, ಕೂತ್ಕಳಿ, ಏನು ಬೇಕಿತ್ತು" ಅನ್ನುತ್ತಿದ್ದ ಮನುಷ್ಯ ಪಟ್ಟಿಯಲ್ಲಿ ನಮ್ಮನ್ನು ಹೀಗೆ ಇಟ್ಟಿದ್ದರು ಅಂತ ಯಾರಿಗೆ ಗೊತ್ತು?

ಬಾವನ ಹಾಳೆಯ ತಲೆಬರಹ 'ಕೆಮ್ಮು'.

"ನಾನು ಎಲ್ಲಿ ಕೆಮ್ಮುತ್ತೆ?" ಅಂತ ಬಾವ ಈಗಲೂ ಕೇಳುತ್ತಾನೆ. ಆದರೆ ಉದ್ರಿ ಕೇಳುವ ಮೊದಲು ಅವನು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಾನೆ. ಬೇಲೆಕೇರಿ ಬಂದರದಲ್ಲಿ ಬೋಟು ದಡಕ್ಕೆ ಎಳೆದ ಮೇಲೆ, ಮಳೆಗಾಲ ಪೂರ್ತಿ ಈ ಕೆಮ್ಮು ಇರುತ್ತದೆ. ಬಂಗಡೆ ಬಿದ್ದ ಕೂಡಲೇ ವಾಸಿ.

ಮಾಸ್ತರು 'ಕಾಲು ಕಿಲೊ'.

"ಅದು ಜಿಪುಣತನ ಅಲ್ಲ, ತಿಳುವಳಿಕೆ," ಅಂದರು ಅವರು. "ನಮ್ಮ ಕರಾವಳಿ ಮಳೆಯಲ್ಲಿ ಸಕ್ಕರೆ ಒಂದು ಕಿಲೊ ತಗೊಂಡ್ರೆ ಅರ್ಧ ಪಾಕ ಆಗ್ತದೆ. ಅದಕ್ಕೇ ಬೇಕಾದಷ್ಟೇ ತಗೊಳ್ಳೋದು."

"ಬೇಸಿಗೆಯಲ್ಲಿ ಮಾಸ್ತರೆ?"

"ಬೇಸಿಗೆಯಲ್ಲಿ ಅಭ್ಯಾಸ."

ಗೋವಾ ತಮ್ಮನ ಹಾಳೆಗೆ 'ಟ್ರಿಣ್ ಟ್ರಿಣ್'. ಅದರ ಕಥೆ ಹಳೆಯದು. ಊರಿಗೆಲ್ಲ ಒಂದೇ ಫೋನ್ ಇದ್ದ ಕಾಲ, ಅದೂ ಮಾಮನ ಗಲ್ಲಾಪೆಟ್ಟಿಗೆ ಮೇಲೆ. ಎಲ್ಲರ ಮದುವೆ ಕಾಗದದಲ್ಲೂ ಅದೇ ನಂಬರ್, ಪಕ್ಕದಲ್ಲಿ ಪಿಪಿ ಅಂತ, ಅಂದರೆ ಫೋನ್ ಬೇರೆಯವರದು, ಕರೆದು ಕೊಡಬೇಕು ಅಂತ. ತಮ್ಮನಿಗೆ ಮಡಗಾಂವ್‌ನಿಂದ ಕೆಲಸದ ಫೋನ್ ಬರಬೇಕಿತ್ತು. ಹನ್ನೊಂದು ದಿನ ಇಲ್ಲೇ ಕೂತ. ಹನ್ನೆರಡನೇ ದಿನ ಮೀಯಲಿಕ್ಕೆ ಮನೆಗೆ ಹೋದಾಗ ಫೋನ್ ಬಂತು. ಮಾಮ ಗಿರಾಕಿಗೆ ತೂಗುತ್ತಿದ್ದ ತೊಗರಿಬೇಳೆ ಕೈಯಲ್ಲೇ ಹಿಡಿದು ಗದ್ದೆ ಹಾಳಿ ಮೇಲೆ ಓಡಿದರು. ಟವಲ್ ಸುತ್ತಿಕೊಂಡೇ ಬಂದು ತಮ್ಮ ಕೆಲಸ ಒಪ್ಪಿಕೊಂಡ. ಚೆಲ್ಲಿದ ಬೇಳೆ ಅವನ ಲೆಕ್ಕಕ್ಕೆ.

"ಎರಡು ರೂಪಾಯಿ ಬೇಳೆ ಮಾರಾಯಾ, ಬರೆದಿಟ್ಟಿದ್ರು!" ಅಂದ ತಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಓಡಿದ್ದು ಮಾತ್ರ ಬರೀಲಿಲ್ಲ."

ಯಾರೂ ಮಾತಾಡಲಿಲ್ಲ. ಬಾವ ಕೆಮ್ಮಿದ. ನಾವೆಲ್ಲ ಅವನ ಮುಖ ನೋಡಿದೆವು.

"ಇದು ನಿಜವಾದ ಕೆಮ್ಮು," ಅಂದ.

ದೊಡ್ಡ ಗಲಾಟೆ ಆದದ್ದು ಇನ್ನೊಂದು ಹಾಳೆಯಿಂದ. ತಲೆಬರಹ: 'ಹೆಂಡತಿಗೆ ಹೇಳಬೇಡಿ'. ಕೆಳಗೆ ಬೀಡಿ ಕಟ್ಟು, ಸೋಡಾ, ಮತ್ತೆ ಬೀಡಿ ಕಟ್ಟು, ಉಪ್ಪಿನ ಶೇಂಗಾ. ಯಾರದು ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ. ಆ ಸಂಜೆ ಊರಿನ ಐದು ಮನೆಗಳಲ್ಲಿ ಅನ್ನ ತಡವಾಗಿ ಬಡಿಸಿದರು ಅನ್ನುವುದಷ್ಟೇ ಖಚಿತ.

"ಅದಕ್ಕೇ ಹೇಳೋದು, ಬೇಕಂತಲೇ ಮಾಡಿದ್ದು," ಬಾವ ಮತ್ತೆ ಹಿಡಿದ. "ಆ ವಾರ ಆದಷ್ಟು ವಸೂಲಿ ಮಾಮನಿಗೆ ಜನ್ಮದಲ್ಲಿ ಆಗಿರಲಿಲ್ಲ. ಎಲ್ಲ ಬಂದು ಬಂದು ಕೊಟ್ಟು, ತಮ್ಮ ಹಾಳೆ ಕಿತ್ತುಕೊಂಡು ಹೋದ್ರು. ನಾನೂ ಕೊಟ್ಟೆ!"

ಮಾಸ್ತರು ಒಪ್ಪಲಿಲ್ಲ. ವಸೂಲಿ ಮಾಡುವ ಮನುಷ್ಯ ಆಗಿದ್ದರೆ 2016ರ ನವೆಂಬರ್ 8ರ ಮಾರನೇ ದಿನ ಏನು ಮಾಡುತ್ತಿದ್ದರು ಅಂತ ಕೇಳಿದರು. ಐನೂರು, ಸಾವಿರದ ನೋಟು ರದ್ದಾಗಿ ಊರೇ ಕಂಗಾಲಾಗಿತ್ತು. ಮಾಮ ಹೊಸ ಪಟ್ಟಿ ಒಂದು ತೆಗೆದು, "ನೋಟಲ್ಲವೇ ರದ್ದಾದದ್ದು, ನನ್ನ ಪಟ್ಟಿ ಅಲ್ಲವಲ್ಲ, ತಗೊಂಡು ಹೋಗಿ" ಅಂದಿದ್ದರು. ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟು ನಮ್ಮೂರಿಗೆ ಬಂದ ಸಂಸಾರಕ್ಕೆ, ಇಲ್ಲಿ ಗೋಡೆ ಎದ್ದು ಹೆಂಚು ಹೊದಿಸುವವರೆಗೂ ಅಕ್ಕಿ ಕೊಟ್ಟದ್ದು ಇದೇ ಮನುಷ್ಯ. "ಅಂಥವರು ಹಾಳೆ ತೂಗುಹಾಕಿ ಮರ್ಯಾದೆ ತೆಗೀತಾರಾ?"

"ಮತ್ತೆ ಹೆಸರು ಯಾಕೆ ಹಾಗೆ ಇಟ್ರು?"

"ಮೇಲೆ ಯಲ್ಲಾಪುರದ ಕಡೆ ಈ ಹೊಳೆಗೆ ಬೇಡ್ತಿ ಅಂತಾರೆ. ಇಲ್ಲಿಗೆ ಬಂದ್ರೆ ಗಂಗಾವಳಿ. ಹೊಳೆಗೇ ಎರಡು ಹೆಸರು, ನಿನಗೆ ಇದ್ರೆ ಏನಾಯ್ತು?" ನಿವೃತ್ತಿಯಾದರೂ ಮಾಸ್ತರು ಭೂಗೋಳ ಬಿಡುವುದಿಲ್ಲ.

ನನ್ನ ಹಾಳೆ ಯಾವುದು ಅಂತ ಕೇಳುತ್ತೀರಿ. ಎರಡು ದಿನ ಹುಡುಕಿದ್ದೆ. ಬೇಳೆ, ಎಣ್ಣೆ, ಮಗಳ ಪೆನ್ಸಿಲ್, ಲೆಕ್ಕ ನೋಡಿದರೆ ನನ್ನದೇ. ಮೇಲೆ 'ಬೆಲ್ಲದ ಪೋರ' ಅಂತ ಇತ್ತು. ಏಳು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಮಾಮ ನಿದ್ದೆ ಮಾಡುತ್ತಿದ್ದಾರೆ ಅಂತ ಡಬ್ಬಿಗೆ ಕೈ ಹಾಕಿ ಬೆಲ್ಲ ತಿಂದಿದ್ದೆ. ಒಂದೇ ಸಲ. ಯಾರಿಗೂ ಗೊತ್ತಿಲ್ಲ ಅಂದುಕೊಂಡು ನಲವತ್ತು ವರ್ಷ ಆ ಅಂಗಡಿಗೆ ತಲೆ ಎತ್ತಿ ಹೋಗಿ ಬಂದಿದ್ದೇನೆ. ಅಷ್ಟೂ ವರ್ಷ ಅವರು ನನಗೆ ಬೆಲ್ಲ ತೂಗಿ ಕೊಟ್ಟು, ಮೇಲೊಂದು ಚೂರು ಕೈಗಿಟ್ಟು, "ತಿನ್ನು" ಅನ್ನುತ್ತಿದ್ದರು. ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇದ್ದಿರಬೇಕು.

ಅಷ್ಟರಲ್ಲಿ ಮಾಮನ ಹೆಂಡತಿ ಮಾಯಿ ಚಾ ತಂದರು. ನಮ್ಮ ಮಾತು ಒಳಗೆ ಕೇಳಿತ್ತು.

"ಹಾಳೆ ಒಣಹಾಕಿದವಳು ನಾನು," ಅಂದರು.

ಬಾವನ ಲೋಟ ಬಾಯಿ ಹತ್ತಿರ ನಿಂತಿತು.

"ಅವರು ಮೂರು ರಾತ್ರಿ ನಿದ್ದೆ ಇಲ್ಲದೆ ಅಟ್ಟದ ಮೇಲೆ ಅಕ್ಕಿ ಕಾದಿದ್ರು. ಮಲಗಿಬಿಟ್ಟಿದ್ರು. ನಾನು ಬಟ್ಟೆಯ ಹಾಗೇ ಒಣಗಲಿ ಅಂತ ಹಾಕಿದೆ. ನಂಗೆ ಕನ್ನಡ ಓದಲಿಕ್ಕೆ ನಿಧಾನ. ಎದ್ದು ನೋಡಿದವರೇ ಅಯ್ಯೋ ಅಂತ ತಲೆ ಮೇಲೆ ಕೈ ಹೊತ್ತು ಕೂತ್ರು. ಎರಡು ದಿನ ನನ್ನ ಹತ್ರ ಮಾತಿಲ್ಲ."

"ಮೂರನೇ ದಿನ?"

"ಮೂರನೇ ದಿನ ನಾನು ಮಾತು ಬಿಟ್ಟೆ. 'ಮನೆ' ಅಂತ ಒಂದು ಹಾಳೆ ಇತ್ತಲ್ಲ, ಅಷ್ಟರಲ್ಲಿ ಮಗಳ ಹತ್ರ ಓದಿಸಿದ್ದೆ. ಮಧ್ಯಾಹ್ನ ನಾನು ಗಲ್ಲಾದಲ್ಲಿ ಕೂತಾಗ ಶಾಲೆ ಮಕ್ಕಳಿಗೆ ಕೊಟ್ಟ ಪೆಪ್ಪರ್‌ಮಿಂಟು ಎಲ್ಲ ದಿನವಾರು ಬರೆದಿಟ್ಟಿದ್ರು. ದೊಡ್ಡ ಮಗಳ ಮದುವೆ ದಿನ ಬೀಗರು ತಗೊಂಡ ಬೀಡಿ ಕಟ್ಟೂ ಅದರಲ್ಲೇ!"

ಮಾಯಿ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು. ಹೋಗುವಾಗ ಹಲಗೆ ಸಂದಿಯಿಂದ ಬೆಕ್ಕನ್ನು ಓಡಿಸಿದರು.

ಮಾರನೇ ದಿನ ಅಂಗಡಿ ತೆರೆಯಿತು. ಮಗ ಪಟ್ಟಿ ಇಟ್ಟಿಲ್ಲ, ಉದ್ರಿ ಎಲ್ಲ ಮೊಬೈಲಿನಲ್ಲಿ. ನಾನು ಅರ್ಧ ಕಿಲೊ ಬೆಲ್ಲ ತಗೊಂಡು ಬರೆದುಕೋ ಅಂದೆ. ಅವನು ಪರದೆ ಮೇಲೆ ನನ್ನ ಹೆಸರು ಹುಡುಕಿದ. ಏನಂತ ಇಟ್ಟಿದ್ದಾನೆ ಅಂತ ನಾನು ಮೆಲ್ಲಗೆ ಬಗ್ಗಿದೆ. ಅವನು ಫೋನ್ ಎದೆಗೆ ಒತ್ತಿ ಹಿಡಿದು, "ಬನ್ನಿ ಬನ್ನಿ, ಕೂತ್ಕಳಿ" ಅಂದ.