ಮದುವೆ ಫೋಟೊ ಬಿಟ್ಟು ನನ್ನ ಖುಷಿಗೆ ಏನಾದರೂ ತೆಗೆಯಬೇಕು, ಎಲ್ಲಿಂದ ಶುರು ಮಾಡಲಿ?

ನಾಲೆ_ಏರಿ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ಈಗೀಗ ಪ್ರೀ ವೆಡ್ಡಿಂಗ್ ಬೇರೆ. ದೇವರ ದಯೆ, ಕೆಲಸಕ್ಕೇನೂ ಬರ ಇಲ್ಲ. ಆದರೆ ಮೊನ್ನೆ ಹಳೇ ಆಲ್ಬಮ್‌ಗಳನ್ನೆಲ್ಲ ಹರಡಿಕೊಂಡು ಕೂತರೆ, ಹೆಣ್ಣು ಗಂಡಿನ ಮುಖ ಮುಚ್ಚಿಟ್ಟು ನೋಡಿದರೆ ಯಾವುದು ಯಾರ ಮದುವೆ ಅಂತ ತೆಗೆದ ನನಗೇ ಗೊತ್ತಾಗುವುದಿಲ್ಲ. ಅದೇ ಫ್ಲ್ಯಾಶ್, ಅದೇ ಆಂಗಲ್. ಧಾರೆ ಹೊತ್ತಿಗೆ ನಾನು ನಿಲ್ಲುವ ಜಾಗವೂ ಅದೇ.

ಆಷಾಢ ಬರುತ್ತಿದೆ, ಛತ್ರಗಳೆಲ್ಲ ಖಾಲಿ. ಈ ಸಲ ಸುಮ್ನೆ ಕೂರದೆ ಸ್ವಂತಕ್ಕೆ ಏನಾದರೂ ತೆಗೆಯೋಣ ಅಂತಿದ್ದೇನೆ. ಗೆಳೆಯನೊಬ್ಬ ಕಬಿನಿಗೆ ಹೋಗೋಣ ಬಾ, ಹುಲಿ ಸಿಕ್ಕರೆ ಪೇಜಿಗೆ ಹೆಸರು ಬರುತ್ತದೆ ಅನ್ನುತ್ತಾನೆ. ನನ್ನ ಹತ್ತಿರ ಇರುವುದು 24-70, 70-200, ಒಂದು ಹಳೇ 50 ಎಂಎಂ ಲೆನ್ಸ್. ದೊಡ್ಡ ಲೆನ್ಸ್ ಬಾಡಿಗೆಗೆ ತರಬೇಕು, ಸಫಾರಿ ದುಡ್ಡು ಬೇರೆ. ಇನ್ನೊಂದು ಕಡೆ ನಮ್ಮ ಸೋದರಮಾವನ ಆಲೆಮನೆ ಇದೆ. ಚಿಕ್ಕಂದಿನಿಂದ ಅಲ್ಲೇ ಬಿದ್ದು ಬೆಳೆದವನು ನಾನು, ಈಗಲೂ ಬೇಜಾರಾದರೆ ಗಾಡಿ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಮಂಡ್ಯದಲ್ಲಿ ಆಲೆಮನೆ ಫೋಟೊ ಯಾರು ನೋಡುತ್ತಾರೆ ಹೇಳಿ?

ಇಂಥ ಸ್ವಂತ ಕೆಲಸದಿಂದ ನಿಜಕ್ಕೂ ಕೈ ಪಳಗುತ್ತದಾ, ಇಲ್ಲ ಬರೀ ಹೇಳಿಕೊಳ್ಳುವುದಕ್ಕೆ ಚೆಂದನಾ? ಮಾಡಿ ನೋಡಿದವರು ಹೇಳಿ.

ಮಟ್ಟಿ_ಮಣ್ಣು (ಮೈಸೂರು):

ಗುರು, ಬೇಜಾರಾದಾಗ ಗಾಡಿ ಎಲ್ಲಿಗೆ ಹೋಗುತ್ತದೋ ಕ್ಯಾಮೆರಾನೂ ಅಲ್ಲಿಗೇ ಹೋಗಲಿ. ಇದರಲ್ಲಿ ಯೋಚನೆ ಮಾಡುವುದು ಏನಿದೆ?

ಹುಲಿ ಬೇಡ ಅಂತಲ್ಲ. ಸಫಾರಿ ಜೀಪಿನಲ್ಲಿ ಕೂತರೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದೆಲ್ಲ ಡ್ರೈವರ್ ಕೈಲಿ, ಪಕ್ಕದ ಸೀಟಿನವನೂ ಅದೇ ಫೋಟೊ ತೆಗೆದಿರುತ್ತಾನೆ. ಛತ್ರದಲ್ಲಿ ನಿಮ್ಮ ತೊಂದರೆ ಏನು ಅಂದಿರೋ ಅಲ್ಲೂ ಅದೇ ಆಯ್ತಲ್ಲ. ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರ ಜೋಡಿ ಕೃಪಾಕರ-ಸೇನಾನಿ ನೋಡಿ. ಊರೆಲ್ಲ ಹುಲಿ, ಆನೆ ಅನ್ನುವಾಗ ಅವರು ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಬಿದ್ದರು. 2010ರಲ್ಲಿ ಗ್ರೀನ್ ಆಸ್ಕರ್ ಅನ್ನುವ ವನ್ಯಜೀವಿ ಚಿತ್ರಗಳ ಪ್ರಶಸ್ತಿ ತಂದುಕೊಟ್ಟಿದ್ದು ಆ ಸೀಳುನಾಯಿಗಳೇ.

ನನ್ನದು ಗರಡಿ ಮನೆ ಹುಚ್ಚು. ನಾನು ಕುಸ್ತಿ ಹಿಡಿದವನಲ್ಲ, ತಾತ ಪೈಲ್ವಾನ್ ಆಗಿದ್ದರು, ನನಗೆ ನೋಡುವ ಚಟ ಮಾತ್ರ ಉಳಿದಿದೆ. ದೊಡ್ಡಕೆರೆ ಮೈದಾನದ ದಸರಾ ಕುಸ್ತಿಗೆ ಎಲ್ಲರೂ ಬರುತ್ತಾರೆ, ಯಾರಾದರೂ ಚಿತ್ ಆದ ತಕ್ಷಣ ಸುತ್ತ ಟಕಟಕ ಅಂತ ಶಟರ್ ಸದ್ದು. ನನಗೆ ಬೇಕಾದ್ದು ಬೆಳಗಿನ ಜಾವದ ತಾಲೀಮು. ನಾನು ಹೋಗುವ ಗರಡಿಗೆ ಒಂದು ಬಾಗಿಲು, ಒಂದು ಸಣ್ಣ ಕಿಟಕಿ, ಅಷ್ಟೇ. ಮಟ್ಟಿಯ, ಅಂದರೆ ಕುಸ್ತಿ ಆಡುವ ಅಖಾಡದ ಕೆಮ್ಮಣ್ಣು ಇರುವ ಬೆಳಕನ್ನೂ ನುಂಗುತ್ತದೆ. ಫ್ಲ್ಯಾಶ್ ಹೊಡೆದರೆ ಉಸ್ತಾದರು ಆಚೆಗೆ ಕಳಿಸುತ್ತಾರೆ. ಹಾಗಾಗಿ ಬೆಳಕು ಬೀಳುವ ಜಾಗಕ್ಕೆ ಪೈಲ್ವಾನ್ ತಾನಾಗಿ ಬರುವ ತನಕ ಕಾಯಬೇಕು. ಆ ಹುಡುಗರು ಜೋಡಿ ಹಿಡಿಯುವ ಮೊದಲು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಎದುರಾಳಿಯ ಹೆಗಲಿಗೆ ಸವರುತ್ತಾರೆ, ಬೆವರಿಗೆ ಕೈ ಜಾರದಿರಲಿ ಅಂತ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಅದೊಂದು ಫೋಟೊಗೆ ಎಷ್ಟೋ ಬೆಳಗು ಕಾದಿದ್ದೇನೆ. ದುಡ್ಡು ಕೊಡುವ ಗಿರಾಕಿ ಇದ್ದಿದ್ದರೆ ಅಷ್ಟು ಕಾಯಲು ಬಿಡುತ್ತಿದ್ದನಾ?

ಇದರಿಂದ ಮದುವೆ ಕೆಲಸಕ್ಕೆ ಏನಾಯಿತು ಅಂದರೆ, ಮಂಟಪದ ಸುತ್ತ ನನ್ನ ಓಡಾಟ ಕಡಿಮೆ ಆಯಿತು. ಧಾರೆ ಎರೆಯುವಾಗ ಎಲ್ಲರ ಲೆನ್ಸೂ ಬೀಳುವ ಹಾಲಿನ ಮೇಲಿರುತ್ತದೆ. ನನ್ನ ಕಣ್ಣು ಹುಡುಗಿಯ ಅಪ್ಪನ ಹೆಬ್ಬೆರಳಿನ ಮೇಲೆ. ಅದು ನಡುಗುತ್ತದೆ ಸ್ವಾಮಿ, ಒಬ್ಬೊಬ್ಬ ಅಪ್ಪನದು ಒಂದೊಂದು ಥರ.

ಅಗ್ರಹಾರ_ಲೈಟ್ಸ್ (ಮೈಸೂರು):

ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ಎಲ್ಲರಿಗೂ ಬೆಳಗಿನ ಜಾವ ಗರಡಿ ಸುತ್ತುವ ಪುರುಸೊತ್ತು ಎಲ್ಲಿ ಬರಬೇಕು? ಅಂಗಡಿ ಬಾಡಿಗೆ ಇದೆ, ಕ್ಯಾಮೆರಾ ಕಂತು ಇದೆ. ನನ್ನ ಕೈ ಪಳಗಿದ್ದು ಹುಚ್ಚಿನಿಂದಲ್ಲ, ಬಂದ ಕೆಲಸಕ್ಕೆಲ್ಲ ಹೂಂ ಅಂದಿದ್ದರಿಂದ.

ಒಂದು ಪಾತ್ರೆ ಅಂಗಡಿಯ ಕೆಲಸ ಹೇಳುತ್ತೇನೆ ಕೇಳಿ. ಹಿತ್ತಾಳೆ ಚೊಂಬು, ಸ್ಟೀಲ್ ಡಬರಿ, ದೀಪದ ಕಂಬ. ಚೊಂಬಿನ ಮುಂದೆ ಕ್ಯಾಮೆರಾ ಇಟ್ಟರೆ ಅದರ ಹೊಟ್ಟೆಯಲ್ಲಿ ನಾನು, ಟ್ರೈಪಾಡ್, ಹಿಂದಿನ ಬೀರು, ಎಲ್ಲ ಕಾಣುತ್ತದೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದು ನೀರಿಗೆ, ಗಾಜಿಗೆ ಸರಿ, ಲೋಹದ ಹೊಳಪಿನ ಮುಂದೆ ಅದರ ಆಟ ನಡೆಯುವುದಿಲ್ಲ. ಹೊಳೆಯುವ ವಸ್ತುವಿನ ಫೋಟೊ ಅಂದರೆ ಅದರ ಸುತ್ತ ಏನಿದೆಯೋ ಅದರ ಫೋಟೊ, ತಿಳಿದುಕೊಳ್ಳಬೇಕಾದ್ದು ಇಷ್ಟೇ. ಎರಡೂ ಕಡೆ ಬಿಳಿ ಥರ್ಮೋಕೋಲ್ ನಿಲ್ಲಿಸಿ. ಲೈಟನ್ನು ಚೊಂಬಿಗೆ ಹೊಡೆಯಬೇಡಿ, ಥರ್ಮೋಕೋಲ್‌ಗೆ ಹೊಡೆಯಿರಿ. ಚೊಂಬಿನ ಮೈಮೇಲೆ ಉದ್ದಕ್ಕೆ ಮೆತ್ತನೆ ಬಿಳಿ ಪಟ್ಟಿ ಬರುತ್ತದೆ, ಪಕ್ಕದಲ್ಲಿ ಒಂದು ಕಪ್ಪು ರಟ್ಟು ಇಟ್ಟರೆ ಅಂಚು ಎದ್ದು ಕಾಣುತ್ತದೆ. ಇದು ಗೊತ್ತಾದ ಮೇಲೆ ಮದುಮಗಳ ಡಾಬು, ಕಾಸಿನ ಸರ ತೆಗೆಯುವಾಗ ನಾನು ನೇರ ಫ್ಲ್ಯಾಶ್ ಮುಟ್ಟುವುದೇ ಇಲ್ಲ. ಛತ್ರದ ಕೋಣೆಯಲ್ಲಿ ಬಿಳಿ ಗೋಡೆ ಇದ್ದೇ ಇರುತ್ತದೆ, ಅದಕ್ಕೆ ಹೊಡೆದರೆ ಆಯ್ತು.

ಮಾರಾಟದ ಮನೆಗಳ ಫೋಟೊ ತೆಗೆದು ಗೋಡೆ ನೆಟ್ಟಗೆ ನಿಲ್ಲಿಸುವುದು ಕಲಿತೆ, ಶಾಲೆ ವಾರ್ಷಿಕೋತ್ಸವದಲ್ಲಿ ಸ್ಟೇಜ್ ಲೈಟಿನ ಸಹವಾಸ ಆಯಿತು. ಯಾವುದೂ ನನ್ನ ಇಷ್ಟದ್ದಲ್ಲ, ಎಲ್ಲದಕ್ಕೂ ದುಡ್ಡು ಬಂತು. ನಾಲೆ ಅವರೇ, ಆಷಾಢದಲ್ಲಿ ಆಲೆಮನೆ ತೆಗೆಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ಮಂಡ್ಯದಲ್ಲೇ ಯಾವುದಾದರೂ ಸೀರೆ ಅಂಗಡಿ ಬಾಗಿಲನ್ನೂ ತಟ್ಟಿ.

ಕಾಕಡ_ಮೊಗ್ಗು (ಮೈಸೂರು):

ಅಗ್ರಹಾರ ಸರ್, ನಿಮ್ಮ ಥರ್ಮೋಕೋಲ್ ಪಾಠ ಬರೆದಿಟ್ಟುಕೊಂಡೆ. ಆದರೆ ಬಿಲ್ ಕೈಗೆ ಬಂದ ಮೇಲೆ ಆ ಚೊಂಬನ್ನು ನೋಡಲು ನೀವು ಮತ್ತೆ ಹೋಗಿರುವುದಿಲ್ಲ ಅಲ್ವಾ? ಸ್ವಂತ ಕೆಲಸದಲ್ಲಿ ಮತ್ತೆ ಹೋಗುವುದೇ ಮುಖ್ಯ.

ನಾನು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ತೆಗೆಯುತ್ತೇನೆ. ಮೊದಲ ಸಲ ಹೋದವರೆಲ್ಲ ಕುಂಕುಮದ ಬಣ್ಣದ ಗುಡ್ಡೆ ತೆಗೆದುಕೊಂಡು ಬರುತ್ತಾರೆ, ಅದು ಚೆನ್ನಾಗಿ ಬಂದೇ ಬರುತ್ತದೆ, ಅದಕ್ಕೆ ನೀವೇ ಬೇಕು ಅಂತಿಲ್ಲ. ಹೋಗ್ತಾ ಹೋಗ್ತಾ ಬೇರೆ ಕಾಣಲು ಶುರುವಾಗುತ್ತದೆ. ಒಬ್ಬರು ಅಮ್ಮ ಹೂವನ್ನು ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಗೆ ಎಳೆದು, ಕೊನೆಗೆ ಎರಡು ಮೊಗ್ಗು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಗುರುತಿನವರಾದರೆ ಮಾತ್ರ. ಹೊಸಬರಿಗೆ ಸರಿಯಾಗಿ ಬೆರಳ ತುದಿಗೇ. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ಮೇಲೆ ನನಗೆ ಅಲ್ಲಿ ತೆಗೆಯಲು ವಿಷಯ ಮುಗಿದಿದ್ದೇ ಇಲ್ಲ.

ಒಂದು ಮಾತು, ಪ್ರಿಂಟ್ ತೆಗೆದುಕೊಂಡು ಹೋಗಿ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸುವುದು ಸಾಲದು, ಕಾಗದದ್ದೇ ಕೊಡಿ. ಎರಡನೇ ಸಲ ಹೋದಾಗ ಯಾರೂ ಪೋಸ್ ಕೊಡುವುದಿಲ್ಲ, ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ, ನಿಮಗೆ ಬೇಕಾದ್ದೂ ಅದೇ. ಯಾರಾದರೂ ಬೇಡ ಅಂದರೆ ಕ್ಯಾಮೆರಾ ಇಳಿಸಿಬಿಡಿ, ವಾದ ಮಾಡಬೇಡಿ.

ಯಾರು ನೋಡುತ್ತಾರೆ ಅಂತ ಕೇಳಿದಿರಿ. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅಮೆರಿಕದ ಲೈಫ್‌ನಂಥ ಪತ್ರಿಕೆಗೆ, ಯುನಿಸೆಫ್‌ಗೆ ಕೆಲಸ ಮಾಡಿದವರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಹೆಸರು ಹೇಳಿದರೆ ಈಗ ಜನಕ್ಕೆ ನೆನಪಾಗುವುದು ಮಾಮೂಲಿ ಜನ, ಮಕ್ಕಳು, ಬೀದಿ. ಹೇಳಿದ ಕೆಲಸವನ್ನೂ ಮಾಡಿದರು, ಇಷ್ಟದ್ದನ್ನೂ ಬಿಡಲಿಲ್ಲ. ಸ್ವಲ್ಪ ಪ್ರಿಂಟ್ ಸೇರಿದ ಮೇಲೆ ಮೈಸೂರಿಗೆ ಬನ್ನಿ. ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಫೋಟೊಗ್ರಫಿ ಕಲಿಯುವ ಹುಡುಗರಿದ್ದಾರೆ, ಅವರ ಮುಂದೆ ಹರಡಿ. ಮುಲಾಜಿಲ್ಲದೆ ಹೇಳುತ್ತಾರೆ, ಲೈಕ್ ಒತ್ತುವ ನೆಂಟರಿಗಿಂತ ವಾಸಿ.

ಹಕ್ಕಿ ಆಸೆ ಇದ್ದರೆ ಕಬಿನಿವರೆಗೂ ಹೋಗುವುದೇ ಬೇಡ, ನಿಮ್ಮ ಮದ್ದೂರು ತಾಲ್ಲೂಕಿನಲ್ಲೇ ಕೊಕ್ಕರೆಬೆಳ್ಳೂರು ಇದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, 70-200 ಧಾರಾಳ ಸಾಕು. ಆದರೆ ಆಷಾಢದಲ್ಲಿ ಹೋಗಬೇಡಿ, ಸಂಕ್ರಾಂತಿ ಕಳೆದ ಮೇಲೆ ಹೋಗಿ.

ನಾಲೆ_ಏರಿ (ಮಂಡ್ಯ):

ಎಲ್ಲರಿಗೂ ಥ್ಯಾಂಕ್ಸ್. ಕಬಿನಿ ಕ್ಯಾನ್ಸಲ್, ಗೆಳೆಯ ಮುನಿಸಿಕೊಂಡಿದ್ದಾನೆ, ಇರಲಿ.

ನಿನ್ನೆ ಸಂಜೆ ಮಾವನ ಹತ್ತಿರ ಮಾತಾಡಿದೆ. ‘ಹೊಗೆ ಕುಡಿಯೋಕೆ ದುಡ್ಡು ಕೊಡ್ತಾರೇನೋ ನಿಂಗೆ’ ಅಂತ ನಕ್ಕರು, ಆದರೆ ಒಪ್ಪಿದರು. ಎರಡು ತೊಂದರೆ ಇದೆ. ಒಂದು, ಮಳೆ ಹಿಡಿದರೆ ಕಬ್ಬಿನ ಸಿಪ್ಪೆ ಒಣಗುವುದಿಲ್ಲ, ಸಿಪ್ಪೆ ಇಲ್ಲದೆ ಒಲೆ ಉರಿಯುವುದಿಲ್ಲ, ಆಗ ಆಲೆಮನೆ ನಿಂತೇಬಿಡುತ್ತದೆ. ಎರಡು, ಒಳಗೆ ಕತ್ತಲು, ಕೊಪ್ಪರಿಗೆ ಮೇಲೆಲ್ಲ ಹಬೆ, ಕೆಳಗೆ ಬೆಂಕಿ. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಗೋಡೆ ಥರ ಬರುತ್ತದೆ. ಲೆನ್ಸ್‌ಗೂ ಹಬೆ ಕೂರುತ್ತದೆ. ಏನು ಮಾಡಲಿ?

ಮಟ್ಟಿ_ಮಣ್ಣು (ಮೈಸೂರು):

ಫ್ಲ್ಯಾಶ್ ಮನೆಯಲ್ಲೇ ಇಟ್ಟು ಹೋಗಿ. ಹಬೆಗೆ ಎದುರಿನಿಂದ ಬೆಳಕು ಬಿದ್ದರೆ ಮುಂದೆ ಪರದೆ ಕಟ್ಟಿದ ಹಾಗೆ. ಅದೇ ಹಬೆಯ ಹಿಂದಿನಿಂದ ಬೆಳಕು ಬಂದರೆ ಒಂದೊಂದು ಸುರುಳಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಅಂದರೆ ಬಾಗಿಲಿಗೆ ಬೆನ್ನು ಹಾಕಿ ನಿಲ್ಲಬೇಡಿ, ಕೊಪ್ಪರಿಗೆ ಆಚೆ ಬಾಗಿಲು ಬರುವ ಹಾಗೆ ನಿಲ್ಲಿ. ಹಬೆಯ ಬಿಳಿ ಭಾಗಕ್ಕೆ ಎಕ್ಸ್‌ಪೋಶರ್ ಇಡಿ, ಉಳಿದಿದ್ದು ಕಪ್ಪಾದರೆ ಆಗಲಿ. ಶಟರ್ ವೇಗವನ್ನು ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಇಳಿಸಿದರೆ ಹಬೆ ಹರಿಯುತ್ತದೆ, ಪಾಕ ಕಲಕುವ ಕೈಯೂ ಮಸುಕಾಗುತ್ತದೆ. ಕೈ ಬಿಗಿಯಾಗಿ ಬೇಕು ಅಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ 50 ಲೆನ್ಸಿನಲ್ಲಿ ತೆಗೆಯಿರಿ.

ಆಮೇಲೆ ಬಣ್ಣ ತಿದ್ದಿಕೊಳ್ಳಲು ಬರುವ ರಾ ಫೈಲ್‌ನಲ್ಲೇ ತೆಗೆಯಿರಿ. ಬೆಂಕಿ ಬೆಳಕು ಕೆಂಪು, ಬಾಗಿಲ ಬೆಳಕು ಅದರ ಮುಂದೆ ನೀಲಿ ಕಾಣುತ್ತದೆ, ಎರಡನ್ನೂ ಒಂದೇ ಬಣ್ಣಕ್ಕೆ ತರಲು ಹೋಗಬೇಡಿ.

ಲೆನ್ಸ್ ಬಗ್ಗೆ: ಎಸಿ ಕಾರಿನಿಂದ ಇಳಿದು ನೇರ ಒಳಗೆ ಹೋದರೆ ಮಂಜು ಕಟ್ಟಿಯೇ ಕಟ್ಟುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಒಳಗಿಟ್ಟು ಬೆಚ್ಚಗಾದ ಮೇಲೆ ಆಚೆ ತೆಗೆಯಿರಿ. ಬೂದಿ ಹಾರುತ್ತಿರುವಾಗ ಲೆನ್ಸ್ ಬದಲಿಸಬೇಡಿ. ಮುಂದೆ ಒಂದು ಯುವಿ ಫಿಲ್ಟರ್ ಇರಲಿ, ಅಲ್ಲಿ ಹಾರುವ ಹನಿಯಲ್ಲಿ ಸಕ್ಕರೆ ಇರುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಅಂಟು ಇನ್ನೂ ಹರಡುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣದು.

ಇನ್ನು ಮಳೆಗೆ ಒಲೆ ನಿಂತ ದಿನ ಖಂಡಿತ ಹೋಗಿ. ಕೆಲಸದ ಹುಡುಗರು ಅವತ್ತು ಏನು ಮಾಡುತ್ತಾರೆ, ಎಲ್ಲಿ ಮಲಗುತ್ತಾರೆ, ಅಡುಗೆ ಯಾರದು?

ಕಾಕಡ_ಮೊಗ್ಗು (ಮೈಸೂರು):

ಪಾಕ ಬಂತಾ ಅಂತ ನೋಡಲು ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರಲ್ಲ, ಅದನ್ನು ಹತ್ತಿರದಿಂದ ತೆಗೆಯಿರಿ. ಬೆರಳಿನ ಜೊತೆ ಮುಖವೂ ಇರಲಿ. ಆಗಿದೆಯೋ ಇಲ್ಲವೋ ಅನ್ನುವುದು ಮೊದಲು ಹುಬ್ಬಿನಲ್ಲೇ ಗೊತ್ತಾಗುತ್ತದೆ.

ನಾಲೆ_ಏರಿ (ಮಂಡ್ಯ):

ಹೌದು ಮೇಡಂ, ಅದು ನಮ್ಮ ಮಾವನೇ ನೋಡುವುದು, ಬೇರೆ ಯಾರಿಗೂ ಬಿಡುವುದಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ನಿಂತು ಬೆಲ್ಲ ತಿಂದಿದ್ದೇನೆ, ಹುಬ್ಬು ನೋಡಿಲ್ಲ. ಮೊದಲ ಕಂತು ತೆಗೆದು ಇಲ್ಲೇ ಹಾಕುತ್ತೇನೆ, ಮುಲಾಜಿಲ್ಲದೆ ಬಯ್ಯಿರಿ.

ಅಗ್ರಹಾರ_ಲೈಟ್ಸ್ (ಮೈಸೂರು):

ಬಯ್ಯುವ ಕೆಲಸ ನನಗಿರಲಿ. ಹಾಗೇ ಮಾವನನ್ನು ಕೇಳಿ, ಅಚ್ಚು ಬೆಲ್ಲದ ಪ್ಯಾಕೆಟ್‌ಗೆ ಫೋಟೊ ಬೇಕಾ ಅಂತ. ಬೇಕು ಅಂದರೆ ದುಡ್ಡು ಕೇಳಿ, ನೆಂಟರು ಅಂತ ಸುಮ್ನೆ ಬಿಡಬೇಡಿ.