ಬೈನರಿಯ 1ಗಳು ಮತ್ತು ಭಾಗಾಕಾರ: 20ರ ತನಕ ನೋಡಿ ಮೋಸ ಹೋದೆ, ನಿಮ್ಮ ಅನುಭವ ಹೇಳಿ

ಪ್ರಶ್ನೆ: ಸಂಖ್ಯೆಯನ್ನು ಬೈನರಿಯಲ್ಲಿ (ಬರೀ 0 ಮತ್ತು 1 ಬಳಸಿ, 6 ಅಂದರೆ 110) ಬರೆದು, ಅದರಲ್ಲಿರುವ 1ಗಳನ್ನು ಎಣಿಸಿ, ಆ ಎಣಿಕೆಯಿಂದ ಅದೇ ಸಂಖ್ಯೆಯನ್ನು ಭಾಗಿಸಿದೆ. ಶೇಷ ಉಳಿಯದವು ಇವು: 1, 2, 4, 6, 8, 10, 12, 16, 18, 20. ಒಂದನ್ನು ಬಿಟ್ಟರೆ ಎಲ್ಲಾ ಸಮ ಸಂಖ್ಯೆಗಳೇ, ಅಲ್ವಾ? ಇದೇ ನಿಯಮ ಅಂತ ಖುಷಿಯಾಗಿ ಬರೆದಿಟ್ಟೆ. ಮುಂದಿನದೇ 21! ಇಂಥ ಶ್ರೇಣಿಗಳ ಜೊತೆ ಆಡಿದವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಉತ್ತರ 1: 21 ನನ್ನನ್ನೂ ಬೀಳಿಸಿದೆ, ಅದೂ ಬೇರೆ ಜಾಗದಲ್ಲಿ. 3ರ ಮಗ್ಗಿಯನ್ನು ಬೈನರಿಯಲ್ಲಿ ಬರೆಯುತ್ತಾ ಹೋದೆ: 11, 110, 1001, 1100, 1111, 10010. ಎಲ್ಲದರಲ್ಲೂ ಎರಡು ಇಲ್ಲವೇ ನಾಲ್ಕು 1, ಅಂದರೆ ಸಮ. ಆಮೇಲೆ ಬಂತು 10101, ಅದೇ 21, ಮೂರು 1. ನನ್ನ ನಿಯಮ ಠುಸ್. ಆದರೆ ಪೂರ್ತಿ ಸುಳ್ಳೂ ಅಲ್ಲ ನೋಡಿ, ಮಗ್ಗಿಯನ್ನು 0ಯಿಂದ ಶುರು ಮಾಡಿ ಎಲ್ಲಿ ನಿಲ್ಲಿಸಿದರೂ ಸಮ ಎಣಿಕೆಯವೇ ಜಾಸ್ತಿ ಇರುತ್ತವೆ. ಗಣಿತಜ್ಞ ಲಿಯೋ ಮೋಸರ್ ಹೀಗಿರಬೇಕು ಅಂತ ಊಹಿಸಿದ್ದರು, 1969ರಲ್ಲಿ ಡಿ. ಜೆ. ನ್ಯೂಮನ್ ಸಾಧಿಸಿ ತೋರಿಸಿದರು. ಹಾಗಾಗಿ ಮುರಿದ ನಿಯಮವನ್ನು ಸುಮ್ನೆ ಬಿಸಾಡಬೇಡಿ, ಎಷ್ಟು ಸಲ ಮುರಿಯುತ್ತದೆ ಅಂತ ಎಣಿಸಿ.

ಉತ್ತರ 2: ಪ್ರೋಗ್ರಾಂ ಬರೆಯುವುದಾದರೆ ಲೂಪ್ 1ರಿಂದ ಶುರು ಮಾಡಿ. ನಾನು 0ಯಿಂದ ಮಾಡಿದೆ. ಅದರಲ್ಲಿ 1 ಒಂದೂ ಇಲ್ಲ, ಸೊನ್ನೆಯಿಂದ ಭಾಗಿಸಲು ಹೋಗಿ ಮೊದಲ ಸುತ್ತಿನಲ್ಲೇ ಎರರ್.

ಉತ್ತರ 3: ಪಟ್ಟಿಯಲ್ಲಿರುವ ಯಾವುದನ್ನೇ ದುಪ್ಪಟ್ಟು ಮಾಡಿ, ಬೈನರಿಯಲ್ಲಿ ಕೊನೆಗೊಂದು 0 ಸೇರುತ್ತದೆ ಅಷ್ಟೇ, 1ಗಳು ಹಾಗೇ ಇರುತ್ತವೆ, ಆದ್ದರಿಂದ ಅದೂ ಪಟ್ಟಿಗೆ ಬರಲೇಬೇಕು. 21 ಇದೆ ಅಂದರೆ 42, 84 ಕೂಡ ಇವೆ. (ಅರ್ಧ ಮಾಡಿದರೆ ಇದು ನಡೆಯಲ್ಲ: 6 ಇದೆ, 3 ಇಲ್ಲ.) ಮಜಾ ಇರುವುದು ಬೆಸ ಸಂಖ್ಯೆಗಳಲ್ಲಿ. ಬೆಸ ಸಂಖ್ಯೆಯನ್ನು ಸಮ ಸಂಖ್ಯೆಯಿಂದ ಭಾಗಿಸಿದರೆ ಶೇಷ ಉಳಿದೇ ಉಳಿಯುತ್ತದೆ. ಹಾಗಾಗಿ 1ಗಳ ಎಣಿಕೆಯೂ ಬೆಸವಾಗಿರಬೇಕು. 23, 27, 29 ಮೂರರಲ್ಲೂ ನಾಲ್ಕು 1, ಭಾಗಿಸುವ ಕಷ್ಟವೇ ಬೇಡ.

ಉತ್ತರ 4: ನಾನಾದರೆ ಫ್ಯಾಕ್ಟೋರಿಯಲ್‌ನಿಂದ ಶುರು ಮಾಡಿ ಅನ್ನುತ್ತೇನೆ. 10 ಫ್ಯಾಕ್ಟೋರಿಯಲ್ ಅನ್ನು, ಅಂದರೆ 1ರಿಂದ 10ರ ತನಕ ಎಲ್ಲವನ್ನೂ ಗುಣಿಸಿದ್ದನ್ನು, 2ರಿಂದ ಎಷ್ಟು ಸಲ ಭಾಗಿಸಬಹುದು? 10 ಅಂದರೆ 1010, ಎರಡು 1. ಹತ್ತರಲ್ಲಿ ಎರಡು ಕಳೆಯಿರಿ, 8 ಸಲ. ನಂಬಿಕೆ ಬರದಿದ್ದರೆ ಎಣಿಸಿ: 2, 6, 10ರಿಂದ ಒಂದೊಂದು, 4ರಿಂದ ಎರಡು, 8ರಿಂದ ಮೂರು. ಇದು ಲೆಜಾಂಡ್ರ್ ಸೂತ್ರ, ಯಾವ ಸಂಖ್ಯೆ ಹಾಕಿದರೂ ಕೈಕೊಡಲ್ಲ.

ಕೇಳಿದವರು: ಬೆಸದ ಉಪಾಯ ಹಿಡಿದು ಕೈಯಲ್ಲೇ ಹುಡುಕಿದೆ. 21 ಆದಮೇಲೆ ಬೆಸದಲ್ಲಿ ಮುಂದಿನದು 55, ಅಂದರೆ 110111, ಐದು 1. ಆಮೇಲೆ 69. ಈ ಸಲ ನಿಯಮ ಗಿಯಮ ಏನೂ ಬರೆದಿಟ್ಟಿಲ್ಲ, 200 ದಾಟಲಿ.