ಮಾಲ್ದೀವ್ಸ್‌ನ ದ್ವೀಪ ರೆಸಾರ್ಟಿನಲ್ಲಿ ದೊಡ್ಡ ಊಟ: ಹೋಗಿ ಬಂದವರು ಅನುಭವ ಹೇಳಿ

ನೀರ್ಚಾಲಿನಿಂದ ಪ್ರಶ್ನೆ:

ಗಲ್ಫಿನಲ್ಲಿರುವ ಅಣ್ಣ ಅಪ್ಪ-ಅಮ್ಮನಿಗೆ ಮಾಲ್ದೀವ್ಸ್ ತೋರಿಸಲೇಬೇಕು ಅಂತ ಹಟ ಹಿಡಿದು ರೂಮು ಬುಕ್ ಮಾಡಿದ್ದಾನೆ. ಡಿಸೆಂಬರ್ ಕೊನೆಗೆ ಹೊರಡುವುದು. ಇಡೀ ದ್ವೀಪಕ್ಕೆ ಒಂದೇ ರೆಸಾರ್ಟ್. ಅಲ್ಲಿನ ದೊಡ್ಡ ರೆಸ್ಟೋರೆಂಟಿನಲ್ಲಿ ಒಂದು ರಾತ್ರಿ ಎಲ್ಲರೂ ಕೂತು ಊಟ ಮಾಡಬೇಕು ಅಂತ ಆಸೆ. ಆದರೆ ನಾವು ಸಸ್ಯಾಹಾರಿಗಳು, ಅಮ್ಮ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುವುದಿಲ್ಲ. ಬಿಲ್ಲು ಹೇಗೆ ಬರುತ್ತದೆ, ಬಟ್ಟೆ ಎಂಥದ್ದು ಬೇಕು, ಮೊದಲೇ ಏನು ಹೇಳಿಡಬೇಕು?

ಉಪ್ಪಳದಿಂದ:

ಅಣ್ಣ ಬುಕ್ ಮಾಡಿದ್ದು ಯಾವ ಪ್ಲಾನ್ ಅಂತ ಮೊದಲು ಕೇಳಿ ಅಕ್ಕ. ಬರೀ ಬೆಳಗ್ಗಿನ ತಿಂಡಿಯಾ, ಹಾಫ್ ಬೋರ್ಡಾ, ಮೂರು ಹೊತ್ತೂ ಊಟ ಸೇರಿದ ಫುಲ್ ಬೋರ್ಡಾ, ಊಟ-ಪಾನೀಯ ಎಲ್ಲ ಸೇರಿದ ಆಲ್ ಇನ್‌ಕ್ಲೂಸಿವಾ? ಖರ್ಚು ನಿರ್ಧಾರ ಆಗುವುದು ಅಲ್ಲಿ ಮೇಜಿನ ಮುಂದೆ ಕೂತಾಗ ಅಲ್ಲ, ಇಲ್ಲಿ ಬುಕ್ ಮಾಡುವಾಗಲೇ. ಊಟ ಹಿಡಿಸಲಿಲ್ಲ, ರೇಟು ಜಾಸ್ತಿ ಅಂತ ಎದ್ದು ಬೇರೆ ಹೋಟೆಲಿಗೆ ಹೋಗೋಣ ಅಂದರೆ ಸುತ್ತ ಸಮುದ್ರ ಅಲ್ವಾ!

ಹಾಫ್ ಬೋರ್ಡ್ ಅಂದರೆ ಸಾಮಾನ್ಯವಾಗಿ ಬೆಳಗ್ಗೆ ಮತ್ತು ರಾತ್ರಿ ದೊಡ್ಡ ಬಫೆಯಲ್ಲಿ ಊಟ. ನೀವು ಆಸೆಪಟ್ಟ ದೊಡ್ಡ ರೆಸ್ಟೋರೆಂಟ್ ಅದರಲ್ಲಿ ಸೇರದೆ ಇರಬಹುದು. ಕೆಲವು ಕಡೆ ಅಲ್ಲಿನ ಬಿಲ್ಲಿನಿಂದ ತಲೆಗೆ ಇಷ್ಟು ಡಾಲರ್ ಅಂತ ಕಳೆಯುತ್ತಾರೆ, ಮಿಕ್ಕಿದ್ದು ನಮ್ಮ ಕೈಯಿಂದ. ಕುಡಿಯುವ ನೀರಿಗೂ ದುಡ್ಡು ಇರಬಹುದು, ಅದನ್ನೂ ಕೇಳಿ.

ಇನ್ನು ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಹುಷಾರು. 10 ಶೇಕಡಾ ಸರ್ವಿಸ್ ಚಾರ್ಜ್, ಅದರ ಮೇಲೆ ಪ್ರವಾಸೋದ್ಯಮದ ಜಿಎಸ್‌ಟಿ. ಅದು 2023ರಲ್ಲಿ 12ರಿಂದ 16 ಶೇಕಡಾ ಆಯಿತು, 2025ರ ಜುಲೈಯಿಂದ 17. ಅಂದರೆ 100 ಡಾಲರ್ ಅಂತ ಬರೆದಿದ್ದರೆ ಕೊಡುವುದು ಹತ್ತಿರ ಹತ್ತಿರ 129. ಇದಲ್ಲದೆ ರೆಸಾರ್ಟಿನಲ್ಲಿ ಗ್ರೀನ್ ಟ್ಯಾಕ್ಸ್ ಬೇರೆ, ತಲೆಗೆ ದಿನಕ್ಕೆ 12 ಡಾಲರ್, ಅದು ಊಟಕ್ಕಲ್ಲ, ಇದ್ದದ್ದಕ್ಕೆ. ಸರ್ವಿಸ್ ಚಾರ್ಜ್ ಕೊಟ್ಟ ಮೇಲೆ ಟಿಪ್ಸ್ ಕೊಡಲೇಬೇಕು ಅಂತಿಲ್ಲ. ನನಗೆ ಬಡಿಸಿದ ಹುಡುಗನ ಕೈಗೆ ಕೊಟ್ಟರೇ ಸಮಾಧಾನ, ಅದು ನಿಮ್ಮಿಷ್ಟ.

ಡಿಸೆಂಬರ್ ಕೊನೆ ಅಂದಿರಿ. ಕ್ರಿಸ್ಮಸ್ ಮುನ್ನಾದಿನ ಮತ್ತು 31ರ ರಾತ್ರಿ ಅನೇಕ ರೆಸಾರ್ಟುಗಳಲ್ಲಿ ಗಾಲಾ ಡಿನ್ನರ್, ಅಂದರೆ ಹಬ್ಬದ ವಿಶೇಷ ರಾತ್ರಿಯೂಟ ಕಡ್ಡಾಯ, ಅದಕ್ಕೆ ಬೇರೆಯೇ ದುಡ್ಡು. ತಿಂದರೂ ತಿನ್ನದಿದ್ದರೂ ಕೊಡಬೇಕು. ಬುಕಿಂಗ್ ಕಾಗದದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ. ಆ ಎರಡು ದಿನ ಬಿಟ್ಟು ನಿಮ್ಮ ಊಟ ಇಟ್ಟುಕೊಳ್ಳಿ.

ಬಟ್ಟೆ ದೊಡ್ಡ ವಿಷಯ ಅಲ್ಲ. ಒದ್ದೆ ಬಟ್ಟೆ, ಈಜುಡುಗೆ, ಬನಿಯನ್ ಆಗುವುದಿಲ್ಲ. ಗಂಡಸರಿಗೆ ಉದ್ದ ಪ್ಯಾಂಟು, ಕಾಲರ್ ಇರುವ ಅಂಗಿ ಸಾಕು. ಅಮ್ಮ ಸೀರೆ ಉಟ್ಟರೆ ಅವರೇ ಅಲ್ಲಿ ಎಲ್ಲರಿಗಿಂತ ಚಂದ ಕಾಣುತ್ತಾರೆ.

ಮಂಜೇಶ್ವರದಿಂದ:

ಮೇಲಿನವರು ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ವಯಸ್ಸಾದವರನ್ನು ರಾತ್ರಿಯ ಏಳೆಂಟು ಕೋರ್ಸಿನ ಊಟಕ್ಕೆ ಕೂರಿಸುವುದು ನನಗೇನೋ ಸರಿ ಕಾಣುವುದಿಲ್ಲ. ಒಂದೊಂದೇ ತಟ್ಟೆ ನಿಧಾನ ಬರುತ್ತದೆ, ಎರಡು ಗಂಟೆ ದಾಟುತ್ತದೆ, ಮಂದ ಬೆಳಕಿನಲ್ಲಿ ಮೆನು ಓದಲಾಗುವುದಿಲ್ಲ. ನಮ್ಮ ಮಾವ ಮೂರನೇ ತಟ್ಟೆಗೇ ಆಕಳಿಸಲು ಶುರು ಮಾಡಿ "ಅನ್ನ ಯಾವಾಗ ಬರುವುದು?" ಅಂತ ಕೇಳಿದರು. ಮಧ್ಯಾಹ್ನಕ್ಕೆ ಬುಕ್ ಮಾಡಿ. ಕೋರ್ಸೂ ಕಮ್ಮಿ, ರೇಟೂ ಕಮ್ಮಿ, ಸಮುದ್ರವೂ ಕಾಣುತ್ತದೆ.

ನೀರೊಳಗಿನ ರೆಸ್ಟೋರೆಂಟ್ ನೋಡಬೇಕು ಅಂತ ಇದ್ದರೆ ಇದು ಇನ್ನೂ ಮುಖ್ಯ. ರಂಗಾಲಿ ದ್ವೀಪದ ಕಾನ್ರಾಡ್ ರೆಸಾರ್ಟಿನಲ್ಲಿ 'ಇಥಾ' ಅಂತ ಇದೆ, 2005ರಲ್ಲಿ ಶುರುವಾದದ್ದು, ಸಮುದ್ರ ಮಟ್ಟಕ್ಕಿಂತ 5 ಮೀಟರ್ ಕೆಳಗೆ, ಕೂರಲು ಬರೀ 14 ಜನಕ್ಕೆ ಜಾಗ. ತಲೆ ಮೇಲೆ ಮೀನು ಓಡಾಡುವುದು ಕಾಣಬೇಕಾದರೆ ಹಗಲಿನ ಬೆಳಕೇ ಬೇಕು. ಒಂದು ಮಾತು, ಇಳಿಯುವುದಕ್ಕೆ ಇರುವುದು ಸುತ್ತು ಮೆಟ್ಟಿಲು. ಅಮ್ಮನಿಗೆ ಮಂಡಿ ನೋವಿದ್ದರೆ ಬಿಟ್ಟುಬಿಡಿ.

ನಾವು ಮೀನು ತಿನ್ನುವವರು, ಹಾಗಾಗಿ ನಮಗೆ ದೊಡ್ಡ ಊಟಕ್ಕಿಂತ ಹಿಡಿಸಿದ್ದು ಬೆಳಗ್ಗಿನ ಮಸ್ ಹುನಿ. ಟ್ಯೂನಾ ಮೀನು, ತೆಂಗಿನ ತುರಿ, ನೀರುಳ್ಳಿ, ಹಸಿಮೆಣಸು, ನಿಂಬೆಹುಳಿ ಕಲಸಿ ರೋಶಿ ಅನ್ನುವ ಚಪಾತಿ ಜೊತೆ ಕೊಡುತ್ತಾರೆ. ಅದು ಬಫೆಯಲ್ಲೇ ಇತ್ತು, ಬೇರೆ ದುಡ್ಡಿಲ್ಲ. ನೀರ್ಚಾಲಿನವರಿಗೆ ಇದು ಉಪಯೋಗ ಇಲ್ಲ, ಬೇರೆ ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಸುಮ್ನೆ ಹೇಳಿದೆ.

ಹೊಸಂಗಡಿಯಿಂದ:

ನಾನು ಅಲ್ಲಿನ ಒಂದು ರೆಸಾರ್ಟಿನ ಅಡಿಗೆಮನೆಯಲ್ಲಿ ಕೆಲಸ ಮಾಡಿದವನು. ಸಸ್ಯಾಹಾರದ ವಿಷಯ ನಾನು ಹೇಳುತ್ತೇನೆ.

ಮೀನು ಮತ್ತು ತೆಂಗಿನಕಾಯಿ ಬಿಟ್ಟರೆ ಹೆಚ್ಚಿನದೆಲ್ಲ ಹೊರಗಿನಿಂದ ಬರುವುದು, ದೋಣಿಯಲ್ಲಿ. ತೊಂಡೆಕಾಯಿ ಬೇಕು, ಒಳ್ಳೆಯ ಮೊಸರು ಬೇಕು ಅಂತ ಆ ರಾತ್ರಿ ಕೇಳಿದರೆ ಶೆಫ್ ಎಲ್ಲಿಂದ ತರುತ್ತಾನೆ? ಹಾಗಾಗಿ ಒಂದೆರಡು ವಾರ ಮೊದಲೇ ಮೇಲ್ ಹಾಕಿ. "ವೆಜಿಟೇರಿಯನ್" ಅಂತ ಮಾತ್ರ ಬರೆದರೆ ಮೊಟ್ಟೆ ಬರುತ್ತದೆ, ಕೆಲವರ ಲೆಕ್ಕದಲ್ಲಿ ಮೀನೂ ಬರುತ್ತದೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು) ಬೇಡ, ಹಾಲು ಮೊಸರು ಆಗುತ್ತದೆ ಅಂತ ಬಿಡಿಸಿ ಬರೆಯಿರಿ.

ಕಣ್ಣಿಗೆ ತರಕಾರಿಯಾಗಿ ಕಾಣುವುದರಲ್ಲೇ ಮೋಸ ಜಾಸ್ತಿ. ಥಾಯ್ ಅಡಿಗೆಗೆ ಫಿಶ್ ಸಾಸ್ ಹಾಕುತ್ತಾರೆ. ಸೊಪ್ಪು ಬಾಡಿಸುವಾಗ ಆಯ್ಸ್ಟರ್ ಸಾಸ್, ಅದು ಚಿಪ್ಪುಮೀನಿನದ್ದು. ಜಪಾನಿನ ಮಿಸೊ ಸೂಪಿನ ನೀರು ಸಾಮಾನ್ಯವಾಗಿ ಒಣ ಟ್ಯೂನಾ ಕುದಿಸಿದ್ದು. ಪಾರ್ಮೆಸಾನ್ ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಾದ ಕಾವಲಿಯ ಮೇಲೆ ಎದುರಿಗೇ ಬೇಯಿಸುವ ತೆಪ್ಪನ್ಯಾಕಿ ನೋಡಲು ಚಂದ, ಆದರೆ ಸಿಗಡಿ ಬೇಯಿಸಿದ ಕಾವಲಿಯಲ್ಲೇ ನಿಮ್ಮ ಅಣಬೆಯೂ ಬೇಯುತ್ತದೆ. ಭಾರತದ ಅಡಿಗೆಯ ರೆಸ್ಟೋರೆಂಟ್ ಇದ್ದರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ. ಜೈನರ ಊಟ ಮಾಡಿ ಅಭ್ಯಾಸ ಇರುವ ಅಡಿಗೆಮನೆಗಳು ಈಗ ತುಂಬಾ ಇವೆ, "ಜೈನ್ ಮೀಲ್" ಅಂದರೆ ಬೇಗ ಅರ್ಥ ಆಗುತ್ತದೆ, ಆದರೆ ಅದರಲ್ಲಿ ನೀರುಳ್ಳಿ ಬೆಳ್ಳುಳ್ಳಿ ಬಟಾಟೆಯೂ ಇರುವುದಿಲ್ಲ.

ಮತ್ತೆ, ಅಲ್ಲಿ ಕೇರಳದವರು ತುಂಬಾ ಜನ ಕೆಲಸಕ್ಕಿದ್ದಾರೆ. ಕಾಸರಗೋಡು ಕಡೆಯವರಾದ ನಿಮಗೆ ಹೇಗೂ ಮಲಯಾಳ ಬರುತ್ತದಲ್ಲ, ಬಡಿಸುವವರ ಹತ್ತಿರ ಮಲಯಾಳದಲ್ಲಿ ಒಂದು ಮಾತಾಡಿ ನೋಡಿ. ಮೆನುವಿನಲ್ಲಿ ಇಲ್ಲದ ಮೊಸರನ್ನ, ತಿಳಿಸಾರು ಎಷ್ಟೋ ಸಲ ನಾವೇ ಮಾಡಿ ಕಳಿಸಿದ್ದೇವೆ.

ಗಡಿಯಾರ ನೋಡಿಕೊಳ್ಳಿ. ಅಲ್ಲಿನ ರಾಜಧಾನಿ ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಕೆಲವು ರೆಸಾರ್ಟಿನವರು ತಮ್ಮ ದ್ವೀಪದ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಫೋನ್ ನಂಬಿ ಹೋದರೆ ಮೇಜು ಕೈತಪ್ಪಬಹುದು.

ನೀರ್ಚಾಲಿನಿಂದ:

ಎಲ್ಲರಿಗೂ ತುಂಬಾ ಉಪಕಾರ. ಅಣ್ಣನಿಗೆ ಫೋನ್ ಮಾಡಿದೆ, ಹಾಫ್ ಬೋರ್ಡ್ ಅಂತೆ. ಗಾಲಾ ಡಿನ್ನರ್ ಅಂದರೆ ಏನು ಅಂತ ಅವನು ನನ್ನನ್ನೇ ಕೇಳಿದ! ಮಧ್ಯಾಹ್ನದ ಊಟವೇ ಅಂತ ನಿರ್ಧಾರ ಆಯಿತು. ಮೇಲ್ ಯಾರಿಗೆ ಹಾಕುವುದು, ಬುಕ್ ಮಾಡಿದ ಏಜೆಂಟಿಗಾ?

ಹೊಸಂಗಡಿಯಿಂದ:

ಏಜೆಂಟಿಗೆ ಬೇಡ, ಅವರು ಮುಂದಕ್ಕೆ ಕಳಿಸುತ್ತಾರೆ ಅಂತ ನೆಚ್ಚಿ ಕೂರಬೇಡಿ. ರೆಸಾರ್ಟಿನ ರಿಸರ್ವೇಶನ್‌ಗೆ ನೇರ ಹಾಕಿ, ಬುಕಿಂಗ್ ನಂಬರ್ ಬರೆಯಿರಿ. ಉತ್ತರ ಬಂದರೆ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಹೋದ ದಿನವೇ ರೆಸ್ಟೋರೆಂಟಿನವರಿಗೆ ತೋರಿಸಿ.